ಕಾಕಾನ ಕ್ಯಾಮೆರಾದಲ್ಲಿ ಆಯಿಯ ಮುಖ

ನಮ್ಮ ತಂದೆಯದು ಒಂದೂ ಪಟವಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ಪ್ಲೇಗು ಬಂತು, ಅವರು ಹೋದರು. ಅವರು ಹೇಗಿದ್ದರು ಎಂದು ಕೇಳಿದರೆ ಅವ್ವ ಕೈಯಲ್ಲಿದ್ದ ಕೆಲಸ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಆಯಿ, ಅಂದರೆ ತಂದೆಯ ತಾಯಿ, ಮಾತ್ರ ಕುಳಿತಲ್ಲಿಂದಲೇ ಉತ್ತರ ಕೊಡುತ್ತಿದ್ದಳು.

"ನನ್ನ ಮಾರಿ ನೋಡಪಾ. ನಿಮ್ಮಪ್ಪ ನನ್ನಂಗ ಇದ್ದ. ಮೂಗು, ಹುಬ್ಬು, ಗದ್ದ, ಎಲ್ಲಾ ನನ್ನವು. ಹಲ್ಲು ಅಷ್ಟ ಅವನವು ಛಲೋ ಇದ್ದವು."

ನನಗೆ ಅವ್ವನ ಮುಖ ಬಂದಿತ್ತು. ತಂದೆಯ ತಮ್ಮ ಕಾಕಾನಿಗೆ ಅಜ್ಜನದು. ಹೀಗಾಗಿ ನಮ್ಮ ತಂದೆಯ ಮುಖ ಉಳಿದದ್ದು ಒಂದೇ ಕಡೆ, ಅದಕ್ಕೂ ವಯಸ್ಸಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದೆಲ್ಲ ಲೆನ್ಸು, ಹಳದಿ ಗಾಜು, ಚರ್ಮದ ಚೀಲಗಳ ವಿಷಯ. ಅವುಗಳ ನಡುವೆ ನಮ್ಮ ಮನೆಯವರೇ ಇದನ್ನು ಮರೆತುಬಿಟ್ಟಿದ್ದರು.

ಕಾಕಾ ಕೊಪ್ಪಳದಲ್ಲಿ ವಕೀಲ. ಅರಳೆಯ ದಲಾಲರೊಬ್ಬರ ಕೈಯಲ್ಲಿ ಮುಂಬಯಿಯಿಂದ ಅವನು ಆ ಜರ್ಮನಿಯ ಕ್ಯಾಮೆರಾ ತರಿಸಿದಾಗ ನಾನು ಇನ್ನೂ ಓದುತ್ತಿದ್ದೆ. ಅದು ಅಂಗೈಗಿಂತ ತುಸು ದೊಡ್ಡದು, ತೂಕ ಮಾತ್ರ ಅಡಕೊತ್ತಿನ ಪೆಟ್ಟಿಗೆಯಷ್ಟು. ಬಂದ ದಿನ ಅದನ್ನು ದೇವರ ಜಗುಲಿಯ ಮೇಲಿಟ್ಟು ಊದಿನಕಡ್ಡಿ ಹಚ್ಚಲಾಯಿತು. ಹೊಗೆ ತಾಗಿ ಗಾಜು ಮಂಜಾದೀತೆಂದು ಕೂಡಲೇ ಎತ್ತಿಕೊಳ್ಳಲಾಯಿತು. ನಮ್ಮ ಮನೆಯಲ್ಲಿ ಪೂಜೆ ಅರ್ಧಕ್ಕೆ ನಿಂತದ್ದು ಅದೊಂದೇ ಸಲ.

ಬಂದವರಿಗೆಲ್ಲ ಕಾಕಾ ಅದರ ಮಹಿಮೆ ಹೇಳುತ್ತಿದ್ದ.

"ಇದು ಪೆಟ್ಟಿಗಿ ಕ್ಯಾಮೆರಾ ಅಲ್ಲರಿ. ದೂರ ಎಷ್ಟು ಅಂತ ತಾನ ಅಳೀತೈತಿ. ಇಲ್ಲಿ ಕಣ್ಣಿಡ್ರಿ. ನಾನು ಎರಡು ಕಾಣ್ತೀನಿ ಹೌದಿಲ್ಲೋ?"

ಕಾಕಾ ಒಬ್ಬನಿದ್ದಾಗಲೇ ಮನೆಗೆ ಸಾಕಾಗುತ್ತಿತ್ತು. ಆದರೂ ಹೌದು, ಆ ಚಿಕ್ಕ ಕಿಂಡಿಯಲ್ಲಿ ಎದುರಿನದು ಎರಡೆರಡಾಗಿ ಕಾಣುತ್ತಿತ್ತಂತೆ. ಲೆನ್ಸಿನ ಸುತ್ತಲಿನ ಉಂಗುರವನ್ನು ತಿರುಗಿಸಿದರೆ ಒಂದು ಬಿಂಬ ಪಕ್ಕಕ್ಕೆ ಸರಿಯುತ್ತ ಬಂದು ಇನ್ನೊಂದರ ಮೇಲೆ ಕೂರುತ್ತದೆ. ಎರಡೂ ಒಂದಾದ ಕ್ಷಣಕ್ಕೆ ದೂರ ಸರಿಹೊಂದಿತು, ಗುಂಡಿ ಒತ್ತಬಹುದು. ಆ ಒಂದಾಗುವಿಕೆಯ ಸುಖವನ್ನು ಕಾಕಾ ಕಣ್ಣು ಮುಚ್ಚಿ ವರ್ಣಿಸುತ್ತಿದ್ದ. ನನಗೆ ನೋಡಲು ಕೊಟ್ಟಿರಲಿಲ್ಲ. ನನ್ನ ಕೈಗೆ ಬೆವರು ಜಾಸ್ತಿ ಎಂದು ಅವನೇ ತೀರ್ಮಾನಿಸಿದ್ದ.

ಜೊತೆಗೆ ಬಂದ ಪುಸ್ತಿಕೆಯಲ್ಲಿ ಒಂದು ಸೂಚನೆಯಿತ್ತು. ಮುಖದಲ್ಲಿ ಯಾವುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೋ ಅದರ ಮೇಲೆ ಬಿಂಬಗಳನ್ನು ಕೂಡಿಸಿ ಎಂದು. ಬರೆದವರು ಜರ್ಮನಿಯವರು, ಅವರು ನಮ್ಮ ಪಡಸಾಲೆ ನೋಡಿರಲಿಲ್ಲ. ಎರಡು ಮೊಳ ದಪ್ಪದ ಗೋಡೆ, ಒಂದು ಬಾಗಿಲು, ಮೇಲೊಂದು ಬೆಳಕಿಂಡಿ. ಅಂಥಲ್ಲಿ ಕೂತ ಮನುಷ್ಯನ ಮುಖದಲ್ಲಿ ಸ್ಪಷ್ಟವಾಗಿ ಕಾಣುವುದು ಒಂದೇ, ಹಣೆಯ ವಿಭೂತಿ. ಬೆಳ್ಳಗೆ, ಅಡ್ಡಡ್ಡ ಮೂರು ಗೆರೆ, ಈ ಕಿವಿಯ ಕಡೆಯಿಂದ ಆ ಕಿವಿಯ ಕಡೆಯವರೆಗೆ. ಕಾಕಾ ಆಯಿಯನ್ನು ಗೋಡೆಗೆ ಆನಿಸಿ ಕೂರಿಸಿ, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು, ಆಕೆಯ ವಿಭೂತಿಯನ್ನು ನೋಡಿ ಹಿಗ್ಗಿದ.

"ಆಹಾ! ಎಷ್ಟು ಲಗೂ ಕೂಡಿತು ನೋಡು!"

ಹುಬ್ಬಳ್ಳಿಯ ಸ್ಟುಡಿಯೋದಿಂದ ಪಟ ತೊಳೆದು ಬಂದಾಗ ಆಯಿ ಅದನ್ನು ಬಾಗಿಲಿಗೆ ಒಯ್ದು ಬೆಳಕಿಗೆ ಹಿಡಿದಳು.

"ಏನಪಾ ವಕೀಲಾ, ಇದರಾಗ ನಾನು ಯಾವಾಕಿ?"

"ನೀ ಒಬ್ಬಾಕೀನ ಅದಿಯಲ್ಲ ಯವ್ವಾ."

"ಹೌದಾ? ನಾನು ಹಿಟ್ಟಿನ ಚೀಲ ಅಂದುಕೊಂಡಿದ್ದೆ. ಹಿಂದಿನ ಗ್ವಾಡಿ ಭಾಳ ಛಲೋ ಬಂದೈತಿ. ಸುಣ್ಣ ಹಚ್ಚಬೇಕು."

ಆಕೆ ಹೇಳಿದ್ದು ನಿಜ. ಗೋಡೆಯ ಬಿರುಕು ಕೂದಲೆಳೆಯಂತೆ ಮೂಡಿತ್ತು. ಅದರ ಮುಂದೆ ಆಯಿ ಹಬೆಯಲ್ಲಿ ಕೂತಿದ್ದಳು. ಮತ್ತೆ ತೆಗೆದ, ಮತ್ತೆ ಹಾಗೇ ಬಂತು. ಹೆಂಡತಿಯನ್ನು, ಅಂದರೆ ನಮ್ಮ ಕಾಕೂವನ್ನು ತೆಗೆದ, ಅವಳೂ ಹಬೆ. ಸೋದರತ್ತೆ ಕುಷ್ಟಗಿಯಿಂದ ಬಂದಳು, ಮೂಗುತಿ ಹಾಕಿಕೊಂಡು ಬಂದವಳು ಮೂಗಿಲ್ಲದೆ ಹೋದಳು. ಆದರೆ ಕನಕಗಿರಿಗೆ ಹೋಗಿ ಗುಡಿಯ ಕಂಬಗಳನ್ನು ತೆಗೆದಾಗ ಒಂದೊಂದು ಉಳಿಯ ಏಟೂ ಎಣಿಸುವಂತೆ ಬಂದಿತ್ತು. ಇದರಿಂದ ಕಾಕಾ ಕಂಡುಕೊಂಡ ಸತ್ಯವೆಂದರೆ ಕಲ್ಲು ಅಲುಗಾಡುವುದಿಲ್ಲ, ನಮ್ಮ ಮನೆಯ ಮಂದಿ ಅಲುಗಾಡುತ್ತಾರೆ. ಅಂದಿನಿಂದ ಪಟ ತೆಗೆಯುವಾಗ ಉಸಿರಾಡುವುದನ್ನು ನಿಷೇಧಿಸಲಾಯಿತು. ಆಯಿ ಉಸಿರು ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ಕೊನೆಗೆ ಕೆಮ್ಮಿ ಎದ್ದು ಹೋಗುತ್ತಿದ್ದಳು.

ಇಷ್ಟರಲ್ಲಿ ಇನ್ನೊಂದು ಸಮಸ್ಯೆ ಹುಟ್ಟಿತು. ನಮ್ಮ ಹಿಂದಿನ ಓಣಿಯಲ್ಲಿ ಆನೆಗೊಂದಿ ಕಡೆಯ ಆಚಾರ್ಯರೊಬ್ಬರಿದ್ದರು. ಹಣೆಯ ನಡುವೆ ಕಪ್ಪನೆಯ ಅಂಗಾರದ ಗೆರೆ, ಮೂಗಿನ ಮೇಲಿನಿಂದ ನೆಟ್ಟಗೆ ಮೇಲಕ್ಕೆ. ಅವರನ್ನು ಅದೇ ಪಡಸಾಲೆಯಲ್ಲಿ, ಅದೇ ಗೋಡೆಯ ಮುಂದೆ ತೆಗೆದ ಪಟ ಬಂತು. ಕಿವಿಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿತ್ತು. ಎರಡನೆಯ ಸಲವೂ ಹಾಗೇ. ಆಚಾರ್ಯರು ಉಸಿರೂ ಹಿಡಿದಿರಲಿಲ್ಲ, ಕೂತಷ್ಟು ಹೊತ್ತೂ ಮಾತಾಡುತ್ತಿದ್ದರು.

"ವಕೀಲರ, ತಪ್ಪು ತಿಳೀಬ್ಯಾಡ್ರಿ," ಎಂದರು ಆಚಾರ್ಯರು ಪಟವನ್ನು ಮಡಿಲಲ್ಲಿಟ್ಟುಕೊಂಡು. "ನಿಮ್ಮ ಕ್ಯಾಮೆರಾ ನಮ್ಮ ಪೈಕಿ ಅದ."

ಒಳಗಿನಿಂದ ಆಯಿಯ ದನಿ ಬಂತು. "ಜರ್ಮನಿಯವರಿಗೂ ಹಣಿ ನೋಡಿ ಮಣಿ ಹಾಕೂದು ಗೊತ್ತಾತೇನು?"

ಕಾಕಾ ನಗಲಿಲ್ಲ. ದೋಷ ಲೆನ್ಸಿನದು ಎಂದು ಆ ಸಂಜೆ ನಿರ್ಧಾರವಾಯಿತು. ನಿರ್ಧಾರಕ್ಕೆ ಸಹಿ ಹಾಕಿದವರು ಗಂಗಾವತಿಯ ಡಾಕ್ಟರರು. ಅವರದೂ ಒಂದು ಅಂಥದೇ ಕ್ಯಾಮೆರಾ ಇತ್ತು. ಅದನ್ನು ಅವರು ಧೂಳು ಬೀಳುತ್ತದೆಂದು ಹೊರಗೆ ತೆಗೆಯುತ್ತಿರಲಿಲ್ಲ. ಆದ್ದರಿಂದ ಅವರ ಪಟ ಒಂದೂ ಕೆಟ್ಟಿರಲಿಲ್ಲ, ಅವರ ಮಾತಿಗೆ ಬಹಳ ತೂಕವಿತ್ತು.

ಡಾಕ್ಟರರು ಬಂದಾಗಲೆಲ್ಲ ಪಡಸಾಲೆಯಲ್ಲಿ ಕಂಬಳಿ ಹಾಸಿ ಮುಂಬಯಿ ಅಂಗಡಿಯ ಕ್ಯಾಟಲಾಗು ಬಿಚ್ಚುತ್ತಿದ್ದರು. ಕುಷ್ಟಗಿಯ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರ ಗಾಂಭೀರ್ಯ ಇಬ್ಬರ ಮುಖದಲ್ಲೂ. ಈ ಲೆನ್ಸು ಬೆಳಕನ್ನು ಹೆಚ್ಚು ಕುಡಿಯುತ್ತದೆ, ಆದರೆ ಮೂಲೆಗಳಲ್ಲಿ ಮಂದ. ಆ ಲೆನ್ಸು ಮೂಲೆಗಳಲ್ಲಿ ಚೊಕ್ಕ, ಆದರೆ ಹಗಲು ಬೇಕು. ಅಗಲ ನೋಟದ್ದು ಗುಡ್ಡಕ್ಕೆ, ಉದ್ದ ಲೆನ್ಸು ಮುಖಕ್ಕೆ. ಮೂಲೆ ಎಂಬ ಮಾತು ಅಲ್ಲಿ ಬಂದಷ್ಟು ಸಲ ಮುಖ ಎಂಬ ಮಾತು ಬರಲಿಲ್ಲ.

"ನಿಮ್ಮ ತಾಯಿಯವರ ಪಟದಾಗ ಮೂಲಿ ಹ್ಯಾಂಗ ಬಂದಾವ?" ಎಂದು ಡಾಕ್ಟರರು ಕೇಳುತ್ತಿದ್ದರು.

"ಮೂಲಿ ಫಸ್ಟ್ ಕ್ಲಾಸ್."

"ಹಂಗಾದ್ರ ಲೆನ್ಸು ಪೂರಾ ಕೆಟ್ಟಿಲ್ಲ. ಬಿಸಿಲು ಅಡ್ಡ ಬೀಳತಿರಬೇಕು. ಒಂದು ಟೊಪಿಗಿ ತರಸ್ರಿ."

ಲೆನ್ಸಿಗೆ ತಗಡಿನ ಟೊಪ್ಪಿಗೆ ಬಂತು. ಬಿಸಿಲೇ ಬೀಳದ ಪಡಸಾಲೆಯಲ್ಲಿ ಅದು ಬಿಸಿಲನ್ನು ತಡೆಯಿತು. ಆಮೇಲೆ ಹಳದಿ ಗಾಜು ಬಂತು, ಅದನ್ನು ಹಾಕಿದರೆ ಮೋಡ ಸ್ಪಷ್ಟವಾಗುತ್ತದಂತೆ. ಕೊಪ್ಪಳದಲ್ಲಿ ಮೋಡವನ್ನು ಕಾಯುವವರು ಬೇಕಾದಷ್ಟಿದ್ದರು, ಅದರ ಪಟ ಬೇಕೆಂದವರನ್ನು ನಾನು ಕಾಣೆ. ಬೆಳಕನ್ನು ಅಳೆಯುವ ಯಂತ್ರ ಬಂತು. ಕೈ ನಡುಗದಂತೆ ದೂರದಿಂದ ಒತ್ತುವ ತಂತಿ ಬಂತು. ಇವೆಲ್ಲವನ್ನೂ ಇಡಲು ಚರ್ಮದ ಚೀಲ ಬಂತು, ಚೀಲಕ್ಕೆ ಗೀರು ಬೀಳದಂತೆ ಕಾಕೂ ಹಳೆಯ ಧೋತರದಲ್ಲಿ ಗವಸು ಹೊಲಿದಳು. ಕಾಕಾ ಅದನ್ನು ಎತ್ತಿಕೊಂಡು ನಿಂತಾಗ ಆಯಿ ನನ್ನನ್ನು ಕರೆದು, "ನಿನ್ನ ತೊಟ್ಟಲಕ್ಕೂ ಇಷ್ಟು ಅರಿವಿ ಹಾಕಿರಲಿಲ್ಲೋ" ಎಂದಳು.

ನಾನು ಮೇಷ್ಟರಾಗಿ ಯಲಬುರ್ಗಿಗೆ ಹೋದೆ. ಕನ್ನಡ ಮಾತಾಡುವ ಮಕ್ಕಳಿಗೆ ಉರ್ದುವಿನಲ್ಲಿ ಗಣಿತ ಕಲಿಸುವುದು ನನ್ನ ಕೆಲಸ. ಅವರಿಗೆ ತಿಳಿಯದಿದ್ದರೆ ಅದು ಗಣಿತದ ಕಷ್ಟವೆಂದೇ ಸರ್ಕಾರ ನಂಬಿತ್ತು. ರಜೆಗೆ ಬಂದಾಗಲೆಲ್ಲ ಚೀಲ ಸ್ವಲ್ಪ ದಪ್ಪವಾಗಿರುತ್ತಿತ್ತು, ಆಯಿ ಸ್ವಲ್ಪ ತೆಳ್ಳಗಾಗಿರುತ್ತಿದ್ದಳು.

ಅಷ್ಟರಲ್ಲಿ ಯುದ್ಧ ಬಂತು. ಜರ್ಮನಿಯ ಸಾಮಾನು ನಿಂತುಹೋಯಿತು. ಲೋಕದ ಅರ್ಧ ಉರಿಯುತ್ತಿದ್ದಾಗ ನಮ್ಮ ಪಡಸಾಲೆಯಲ್ಲಿ ಇಬ್ಬರು ಗೃಹಸ್ಥರು ಉದ್ದ ಲೆನ್ಸನ್ನು ಮೊದಲೇ ತರಿಸಲಿಲ್ಲವಲ್ಲ ಎಂದು ಮರುಗುತ್ತ ಕೂತಿದ್ದರು. ಫಿಲ್ಮೂ ಸಿಗುವುದು ಅಪರೂಪವಾಯಿತು. ಇದ್ದ ಒಂದೆರಡು ಸುರುಳಿಗಳನ್ನು ಕಾಕಾ ಟ್ರಂಕಿನಲ್ಲಿ ಬೀಗ ಹಾಕಿ ಇಟ್ಟ. ಒಳ್ಳೆಯ ಲೆನ್ಸು ಬರುವವರೆಗೆ ಕೆಟ್ಟ ಲೆನ್ಸಿನಲ್ಲಿ ಅವನ್ನು ಹಾಳುಮಾಡಬಾರದು ಎಂಬುದು ಅವನ ವಾದ. ವಾದದಲ್ಲಿ ಅವನನ್ನು ಗೆದ್ದವರಿಲ್ಲ.

ಆಯಿ ಹಾಸಿಗೆ ಹಿಡಿದದ್ದು ಆಗ. ನಾನು ಊರಿಗೆ ಬಂದು ಪಕ್ಕದಲ್ಲಿ ಕೂತೆ. ಕಾಕಾನೂ ಇದ್ದ. ಆಯಿ ಮೊದಲ ಬಾರಿಗೆ ತಾನಾಗಿ ಪಟದ ಮಾತೆತ್ತಿದಳು.

"ನಿನ್ನ ಡಬ್ಬಿ ತಗಿಯೋ. ಒಂದು ಛಲೋ ಪಟ ತಗಿ ನನ್ನದು."

"ತಗೀತೀನಿ ಯವ್ವಾ. ಸಿಕಂದರಾಬಾದಿನಾಗ ಒಬ್ಬ ದೊರಿ ಉದ್ದ ಲೆನ್ಸು ಮಾರತಾನಂತ. ಅದು ಬರಲಿ."

"ಅದು ಬರೂತನಕ ನಾ ಇರಬೇಕಲ್ಲೋ. ನನಗಲ್ಲ, ನಾ ಏನು ನೋಡ್ಕೊಳ್ಳೂದೈತಿ? ಈ ಹುಡುಗ ಅವರಪ್ಪನ ಮಾರಿ ನೋಡಿಲ್ಲ. ನಾ ಹೋದ್ರ ಅದೂ ನನ್ನ ಕೂಡ ಹೋಗತೈತಿ."

ಕಾಕಾ ಎದ್ದು ಹೋಗಿ ಸಿಕಂದರಾಬಾದಿಗೆ ತಂತಿ ಕೊಟ್ಟ. ನಾನು ಕಂಡಂತೆ ಅವನು ತಾಯಿಗಾಗಿ ಅಷ್ಟು ಅವಸರ ಮಾಡಿದ್ದು ಅದೇ ಮೊದಲು. ಇದ್ದ ಲೆನ್ಸಿನಲ್ಲೇ ಆ ಮಧ್ಯಾಹ್ನ ತೆಗೆಯಬಹುದಿತ್ತು ಎಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕೆಟ್ಟ ಲೆನ್ಸು ಎಂಬುದನ್ನು ಅಷ್ಟು ವರ್ಷ ಕೇಳಿ ಕೇಳಿ ನಾವೆಲ್ಲ ನಂಬಿದ್ದೆವು.

ಲೆನ್ಸು ಬಂತು. ಅದರ ಮರುದಿನ ಬೆಳಿಗ್ಗೆ ಆಯಿ ಏಳಲಿಲ್ಲ.

ಇನ್ನು ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಮಡಿ ಉಡಿಸಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬೀಳದಂತೆ ಹಿಂದಿನ ಗೂಟಕ್ಕೆ ಬಟ್ಟೆ ಕಟ್ಟಿರುತ್ತಾರೆ. ಬಂದವರು ಎದುರು ಕೂತು ನೋಡುತ್ತಾರೆ. ಆಯಿಯನ್ನೂ ಹಾಗೆ ಕೂರಿಸಿದರು. ಪಟಕ್ಕೆಂದು ಕೂರುತ್ತಿದ್ದ ಅದೇ ಜಾಗ. ಉಸಿರು ಹಿಡಿಯುವ ಕಷ್ಟ ಈ ಸಲ ಇರಲಿಲ್ಲ.

ಕಾಕಾ ಮುಕ್ಕಾಲಿ ತಂದು ನಿಲ್ಲಿಸಿದ. ಹೊಸ ಲೆನ್ಸನ್ನು ತಿರುವಿ ಕೂರಿಸಿದ. ಆಮೇಲೆ ಕಿಂಡಿಗೆ ಕಣ್ಣಿಟ್ಟ, ತೆಗೆದ, ಒರೆಸಿಕೊಂಡ, ಮತ್ತೆ ಇಟ್ಟ.

"ನನಗ ಆಗೂದಿಲ್ಲ," ಎಂದ. "ಎಲ್ಲಾ ನೀರು ನೀರು ಕಾಣತೈತಿ. ನೀ ತಗಿ."

ಹೀಗೆ ನನ್ನ ಕೈಗೆ ಆ ಕ್ಯಾಮೆರಾ ಮೊದಲ ಸಲ ಬಂತು. ಬೆವರಿನ ಮಾತು ಯಾರೂ ಎತ್ತಲಿಲ್ಲ.

ನಾನು ಕಣ್ಣಿಟ್ಟೆ. ಆಯಿಯ ಮುಖ ತೊಳೆದಿದ್ದರು, ವಿಭೂತಿ ಇನ್ನೂ ಹಚ್ಚಿರಲಿಲ್ಲ. ಮಠದ ಅಯ್ಯನವರು ಪಕ್ಕದಲ್ಲಿ ಕೂತು ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯುತ್ತಿದ್ದರು. ಬರಿಯ ಹಣೆಯ ಆಯಿಯನ್ನು ನಾನು ಅದಕ್ಕೆ ಮೊದಲು ನೋಡಿದ ನೆನಪಿಲ್ಲ. ಕಿಂಡಿಯಲ್ಲಿ ಆಕೆಗೆ ಎರಡು ಮೂಗುಗಳಿದ್ದವು. ಉಂಗುರ ತಿರುಗಿಸಿದೆ. ಒಂದು ಮೂಗು ಸರಿಯುತ್ತ ಬಂದು ಇನ್ನೊಂದರ ಮೇಲೆ ಕೂತಿತು. ಕಾಕಾ ವರ್ಣಿಸುತ್ತಿದ್ದ ಸುಖ ಸುಳ್ಳಲ್ಲ. ಚದುರಿದ್ದ ಮನುಷ್ಯರು ಒಂದು ಕಡೆ ಬಂದು ನಿಂತಂತೆ ಅನಿಸಿತು.

ಅಷ್ಟರಲ್ಲಿ ಅಯ್ಯನವರು ಮೂರು ಬೆರಳು ಅದ್ದಿ ಹಣೆಗೆ ವಿಭೂತಿ ಎಳೆದರು. ಅವರ ತೋಳು ಅಡ್ಡ ಬಂದದ್ದಕ್ಕೆ ನನ್ನ ಕೈ ಸರಿದು ಉಂಗುರ ತಿರುಗಿತ್ತು. ಮತ್ತೆ ಕೂಡಿಸೋಣವೆಂದು ಕಾಕಾ ಹೇಳಿಕೊಟ್ಟ ರೀತಿಯಲ್ಲಿ ವಿಭೂತಿಯನ್ನು ನೋಡಿದೆ. ಒಂದಾಗಿಯೇ ಕಂಡಿತು. ಉಂಗುರವನ್ನು ಇನ್ನಷ್ಟು ತಿರುಗಿಸಿದೆ, ಆಗಲೂ ಒಂದೇ. ಹಿಂದಕ್ಕೆ ತಿರುಗಿಸಿದೆ, ಒಂದೇ. ಕಣ್ಣನ್ನು ಕೆಳಗಿಳಿಸಿದೆ. ಮೂಗು ಎರಡಾಗಿತ್ತು.

ಬಿಂಬ ಸರಿಯುವುದು ಪಕ್ಕಕ್ಕೆ. ಪಕ್ಕಕ್ಕೇ ಎಳೆದ ಗೆರೆ ಪಕ್ಕಕ್ಕೆ ಸರಿದರೆ ತನ್ನ ಮೇಲೆಯೇ ಸರಿಯುತ್ತದೆ, ಎರಡಾಗಿ ಕಾಣುವುದಿಲ್ಲ. ದೂರ ಎಷ್ಟೇ ಇರಲಿ, ಅಡ್ಡ ವಿಭೂತಿ ಸರಿಯಾಗಿದೆ ಎಂದೇ ಹೇಳುತ್ತದೆ. ಆಚಾರ್ಯರ ಅಂಗಾರ ನೆಟ್ಟಗಿತ್ತು, ಕನಕಗಿರಿಯ ಕಂಬಗಳು ನೆಟ್ಟಗಿದ್ದವು, ಅವು ಎರಡಾಗಿ ಕಂಡು ತಪ್ಪು ತೋರಿಸುತ್ತಿದ್ದವು. ನಮ್ಮ ಮನೆಯವರ ಹಣೆ ಮಾತ್ರ ಕಾಕಾನಿಗೆ ಯಾವತ್ತೂ ಎದುರಾಡಿರಲಿಲ್ಲ. ಕ್ಯಾಮೆರಾವನ್ನು ಒಂದೇ ಒಂದು ಸಲ ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದರೆ ಅದೇ ವಿಭೂತಿ ನಿಜ ಹೇಳುತ್ತಿತ್ತು. ಮುಕ್ಕಾಲಿಯ ಮೇಲೆ ಅದು ಹೊರಳುತ್ತಿರಲಿಲ್ಲ, ಮುಕ್ಕಾಲಿಯಿಲ್ಲದೆ ಕಾಕಾ ಮುಟ್ಟುತ್ತಿರಲಿಲ್ಲ.

ಇದೆಲ್ಲ ನನಗೆ ಅಲ್ಲಿ, ಭಜನೆಯವರು ತಾಳ ಬಿಚ್ಚುತ್ತಿದ್ದಾಗ, ಆಯಿಯ ಎದುರು ಬಗ್ಗಿ ನಿಂತಲ್ಲೇ ತಿಳಿಯಿತು. ತಿಳಿದು ಏನು ಬಂತು? ಆಕೆ ಕಣ್ಣು ತೆರೆದು ಕೂತಿದ್ದ ವರ್ಷಗಳೆಲ್ಲ ಹಬೆಯಾಗಿ ಹೋಗಿದ್ದವು. ಮೂಗಿನ ಅಂಚಿನ ಮೇಲೆ ಮತ್ತೆ ಕೂಡಿಸಿದೆ. ತಂತಿ ಒತ್ತಿದೆ. ಇನ್ನೊಂದು ತೆಗೆಯೋಣವೆಂದರೆ ಹೆಂಗಸರು ಮುಂದೆ ಬಂದು ಆಯಿಯ ಪಾದದ ಬಳಿ ಕೂತರು.

ಹುಬ್ಬಳ್ಳಿಯಿಂದ ಪಟ ಬಂದ ದಿನ ಡಾಕ್ಟರರೂ ಆಚಾರ್ಯರೂ ಪಡಸಾಲೆಯಲ್ಲಿದ್ದರು. ಕಾಕಾ ಲಕೋಟೆ ಹರಿದು ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅದನ್ನು ಡಾಕ್ಟರರ ಕೈಗಿತ್ತ.

"ನೋಡ್ರಿ. ರೆಪ್ಪಿ ಸೈತ ಎಣಸಬಹುದು."

"ನಾ ಹೇಳಿರಲಿಲ್ಲೇನು?" ಎಂದರು ಡಾಕ್ಟರರು. "ಲೆನ್ಸು! ಎಲ್ಲಾ ಲೆನ್ಸಿನ ಮ್ಯಾಲೆ ಐತ್ರಿ. ಇದು ಮೊದಲ ಇದ್ದಿದ್ರ..."

"ಕಾಕಾ," ಎಂದೆ ನಾನು. "ಲೆನ್ಸಿಂದಲ್ಲ. ಇಷ್ಟು ದಿವಸ ನಾವು ವಿಭೂತಿ ಮ್ಯಾಲೆ ಕೂಡಸ್ತಿದ್ವಿ. ಅದು ಅಡ್ಡ ಇರತೈತಿ. ಮೂಗಿನ ಮ್ಯಾಲೆ ಕೂಡಸಬೇಕಿತ್ತು."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ವಿಭೂತಿಯೊಳಗ ದೋಷ ಐತಿ ಅಂತೀಯೇನು?"

"ದೋಷ ಅಲ್ಲ..."

"ತಾಯಿ ಹೋಗಿ ಇನ್ನೂ ತಿಂಗಳಾಗಿಲ್ಲ, ಮನಿಯಾಗ ಕೂತು ವಿಭೂತಿಗೆ ಹೆಸರಿಡಬ್ಯಾಡ."

ಆಚಾರ್ಯರು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಂದು. ಡಾಕ್ಟರರು ಕನ್ನಡಕ ಹಣೆಗೇರಿಸಿ ಇನ್ನೊಂದು ಅಗಲ ನೋಟದ ಲೆನ್ಸಿನ ಮಾತು ತೆಗೆದರು. ಯುದ್ಧ ಮುಗಿದ ಮೇಲೆ ಸಿಕ್ಕೀತಂತೆ. ಅವರ ಮಾತು ಅತ್ತ ಹೊರಳಿದಾಗ ನಾನು ಪಟ ಎತ್ತಿಕೊಂಡು ಒಳಗೆ ಹೋದೆ.

ಅವ್ವ ಜೋಳ ಹಸನು ಮಾಡುತ್ತಿದ್ದಳು. ಅವಳಿಗೆ ಹಿಂದಿನ ಯಾವ ಪಟವನ್ನೂ ಯಾರೂ ತೋರಿಸಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೈ ಒರೆಸಿಕೊಂಡು ತೆಗೆದುಕೊಂಡಳು. ಕಿಟಕಿಯ ಹತ್ತಿರ ಹೋದಳು. ನಾನು ನೋಡುತ್ತಿದ್ದಂತೆ ಎಡಗೈಯನ್ನು ಪಟದ ಮೇಲ್ಭಾಗಕ್ಕೆ ಅಡ್ಡ ಇಟ್ಟಳು. ಆಯಿಯ ತಲೆಯ ಸೆರಗು, ಬಿಳಿಗೂದಲು, ಹಣೆ ಮುಚ್ಚಿದವು. ಬಲಗೈಯ ಹೆಬ್ಬೆರಳನ್ನು ಕುತ್ತಿಗೆಯ ಮೇಲಿಟ್ಟಳು. ನಡುವೆ ಮುಚ್ಚಿದ ಎರಡು ಕಣ್ಣು, ಮೂಗು, ಬಾಯಿ, ಗದ್ದ ಇಷ್ಟೇ ಉಳಿದವು. ಅದು ಹೆಂಗಸಿನ ಮುಖವೂ ಆಗಿರಲಿಲ್ಲ, ಮುದುಕರದೂ ಆಗಿರಲಿಲ್ಲ.

"ಮಲಗಿದಾಗ ಹಿಂಗ ಕಾಣ್ತಿದ್ರು," ಎಂದಳು.

ಅವ್ವ ತಂದೆಯ ಬಗ್ಗೆ ಆಡಿದ ಮಾತು ನಾನು ಕೇಳಿದ್ದು ಅದೊಂದೇ. ನಾನು ನಿಂತೇ ಇದ್ದೆ. ಅವಳ ಬೆರಳುಗಳ ನಡುವಿನ ಆ ಮುಖವನ್ನು ನೋಡಿದೆ. ನನಗಿಂತ ಚಿಕ್ಕ ವಯಸ್ಸಿನವರಂತೆ ಕಂಡರು.

ಪಡಸಾಲೆಯಿಂದ ಕಾಕಾ ಕೂಗಿದ. "ಏ, ಪಟ ಎಲ್ಲಿ ಒಯ್ದಿ? ತಾ ಇಲ್ಲೆ. ಡಾಕ್ಟರು ಇನ್ನೂ ಮೂಲಿ ನೋಡಿಲ್ಲ."

ಆ ಮನೆಯಲ್ಲಿ ಅವ್ವ ಯಾರಿಗೂ ಯಾವುದಕ್ಕೂ ಇಲ್ಲ ಎಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅವಳು ಪಟದಿಂದ ಕೈ ತೆಗೆಯಲೂ ಇಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ಕೊಡೂದಿಲ್ಲಂತ ಹೇಳು," ಎಂದಳು.